ಮರ್ಟಲ್ ಗಿಡವೂ ಅದರ ನಾಮಾರ್ಥವೂ

ಗ್ರೀಕ್, ಲ್ಯಾಟಿನ್ ಕಾವ್ಯಗಳನ್ನು ವ್ಯಾಸಂಗಮಾಡುವವರಿಗೂ ಬೈಬಲನ್ನು ಪರಿಶೀಲಿಸುವವರಿಗೂ ಪದೇಪದೇ ಎದುರಾಗುವ ಸಸ್ಯನಾಮಗಳಲ್ಲಿ 'ಮರ್ಟಲ್' ಎಂಬುದೊಂದು. ಈ ಗಿಡವು ನಮ್ಮ ಕಾಡುಗಳಲ್ಲಿ ತಾನಾಗಿ ಬೆಳೆಯತಕ್ಕುದಲ್ಲ. ಆದುದರಿಂದ ಭಾಷಾಂತರಕಾರನು 'ಸುಗಂಧದ ಗಿಡ' ಎಂದೋ 'ಒಂದು ಬಗೆಯ ಹೂಗಿಡ' ಎಂದೋ ಬರೆದು ಮುಂದೆ ಸಾಗುವುದು ಸುಲಭ. ಹಾಗೆ ಮಾಡಿದಲ್ಲಿ ಮೂಲದ ಅರ್ಥವೆಷ್ಟು ನಷ್ಟವಾಗುವುದೆಂಬುದನ್ನು ಗಿಡದ ಸ್ವರೂಪದಿಂದಲೂ ಹೆಸರಿನ ಚರಿತ್ರೆಯಿಂದಲೂ ತಿಳಿಯಬಹುದು.

ಮರ್ಟಲ್ ಗಿಡವು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿಯೂ ಪಶ್ಚಿಮ ಏಷ್ಯದಲ್ಲಿಯೂ ಬೆಳೆಯುವ ನಿತ್ಯಹರಿತವಾದ ಪೊದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ಚುಕ್ಕೆಗಳು ಕಾಣುತ್ತವೆ, ಅವು ತೈಲಗ್ರಂಥಿಗಳು. ಎಲೆಯನ್ನು ಹೊಸಕಿದಾಗ ಬರುವ ಪರಿಮಳಕ್ಕೆ ಅವೇ ಕಾರಣ. ಹೂವು ಬಿಳಿದು, ಐದೆಸಳಿನದು, ಕೇಸರಗಳು ಅನೇಕ, ಹಣ್ಣು ನೀಲಿಗಪ್ಪು. ೧೭೫೩ರಲ್ಲಿ ಲಿನ್ನೇಯಸನು ಇದಕ್ಕೆ 'ಮಿರ್ಟಸ್ ಕಮ್ಯೂನಿಸ್' ಎಂದು ಹೆಸರಿಟ್ಟನು. ನಮ್ಮ ನೇರಳೆಯನ್ನೂ ಅವನು ಅದೇ ಕುಲಕ್ಕೆ ಸೇರಿಸಿ 'ಮಿರ್ಟಸ್ ಕುಮಿನಿ' ಎಂದು ಕರೆದಿದ್ದನು. ಅನಂತರ ನೇರಳೆಯು ಬೇರೆ ಕುಲಕ್ಕೆ ಸಂದರೂ, ನೇರಳೆ, ಲವಂಗ, ಸೀಬೆ ಇವೆಲ್ಲವೂ ಇಂದಿಗೂ ಮರ್ಟಲಿನ ವಂಶಕ್ಕೇ ಸೇರಿದವು.

ಈ ಗಿಡದ ಪ್ರಾಚೀನ ನಾಮಗಳಲ್ಲಿ ಮೂರು ಬಗೆಗಳು ಮುಖ್ಯವಾದುವು. ಹೀಬ್ರೂ ಭಾಷೆಯಲ್ಲಿ 'ಹದಸ್'. ಅಕ್ಕಾಡಿಯನ್ ಭಾಷೆಯಲ್ಲಿ 'ಅಸು', ಅರಮಾಯಿಕಿನಲ್ಲಿ 'ಆಸಾ', ಅರಬ್ಬಿಯಲ್ಲಿ 'ಆಸ್'. ಗ್ರೀಕಿನಲ್ಲಿ 'ಮಿರ್ತೋಸ್', ಅದರಿಂದ ಲ್ಯಾಟಿನಿನ 'ಮಿರ್ಟಸ್'. ಪಾರಸಿಯ 'ಮೂರ್ದ್' ಎಂಬುದು ಈ ಕಡೆಯ ಬಗೆಯನ್ನು ಹೋಲುತ್ತದೆ. ಇಂಗ್ಲಿಷಿನ 'ಮರ್ಟಲ್' ಲ್ಯಾಟಿನಿನ ಅಲ್ಪಾರ್ಥಕ ರೂಪದಿಂದ ಫ್ರೆಂಚಿನ ಮೂಲಕ ಬಂದುದು.

'ಮಿರ್ತೋಸ್' ಎಂಬುದನ್ನು 'ಕಹಿ' ಎಂಬ ಅರ್ಥದ ಸೆಮಿಟಿಕ್ ಧಾತುವಿಗೆ ಜೋಡಿಸುವವರುಂಟು. ರಕ್ತಬೋಳದ ಗ್ರೀಕ್ ಹೆಸರು 'ಮಿರ್ರಾ' ಆ ಧಾತುವಿನಿಂದ ಬಂದುದು ನಿಜ. ಆದರೆ ರಕ್ತಬೋಳವು ಅರೇಬಿಯ ಮತ್ತು ಆಫ್ರಿಕಗಳ ಮುಳ್ಳುಗಿಡದ ಅಂಟು. ಮರ್ಟಲಿಗೂ ಅದಕ್ಕೂ ವಂಶಸಂಬಂಧವಿಲ್ಲ. ಮೇಲಾಗಿ ಹೀಬ್ರೂ, ಅಕ್ಕಾಡಿಯನ್, ಅರಬ್ಬಿ ಭಾಷೆಗಳ ಜನರು ಈ ಗಿಡಕ್ಕೆ ಇಟ್ಟ ಮೇಲಣ ಹೆಸರುಗಳಲ್ಲಿ ಆ ಧಾತುವು ಕಾಣುವುದಿಲ್ಲ. ಆದಕಾರಣ 'ಮರ್ಟಲ್ ಎಂದರೆ ಕಹಿ' ಎಂಬ ನಿರ್ವಚನವನ್ನು ಸಿದ್ಧಾಂತವೆಂದು ಬೋಧಿಸಲಾಗದು.

ಹೆಸರಿನ ನಿಜವಾದ ಅರ್ಥವನ್ನು ಪ್ರಯೋಗದಲ್ಲಿಯೇ ಅರಸಬೇಕು. ಗ್ರೀಕರಲ್ಲಿ ಇದು ಪ್ರೇಮದೇವತೆಯಾದ ಅಫ್ರೋಡೈಟಿಗೆ ಪ್ರಿಯವಾದ ಗಿಡ. ಆದರೂ ಯೂರಿಪಿಡೀಸನ 'ಎಲೆಕ್ಟ್ರಾ' ನಾಟಕದಲ್ಲಿ ನಾಯಿಕೆಯು ತನ್ನ ತಂದೆಯ ಸಮಾಧಿಗೆ ಮರ್ಟಲಿನ ಕೊಂಬೆಯೊಂದೂ ಸಲ್ಲಲಿಲ್ಲವೆಂದು ಮರುಗುತ್ತಾಳೆ. ಪ್ರೇಮದಿಂದ ಮಡಿದವರನ್ನು ವರ್ಜಿಲನು ಅಧೋಲೋಕದ ಮರ್ಟಲ್ ವನದಲ್ಲಿಯೇ ಇರಿಸಿದ್ದಾನೆ. ಪ್ರೇಮ, ಮರಣ ಎರಡೂ ಅಲ್ಲಿ ಕೂಡಿವೆ. ರೋಮಿನಲ್ಲಿ ಪೂರ್ಣ ವಿಜಯೋತ್ಸವಕ್ಕೆ ಲಾರೆಲ್ ಎಲೆಯ ಕಿರೀಟ, 'ಓವೇಷಿಯೊ' ಎಂಬ ಕಿರಿಯ ಉತ್ಸವಕ್ಕೆ ಮರ್ಟಲ್ ಕಿರೀಟ. ಕ್ರಿ. ಪೂ. ೭೧ರಲ್ಲಿ ಸ್ಪಾರ್ಟಕಸನ ದಂಗೆಯನ್ನು ಅಡಗಿಸಿದ ಕ್ರಾಸಸನಿಗೆ ಈ ಕಿರಿಯ ಉತ್ಸವವು ಲಭಿಸಿತು; ಆತನು ಮರ್ಟಲನ್ನು ಒಲ್ಲದೆ ಲಾರೆಲನ್ನೇ ಧರಿಸಿದನೆಂದು ಪ್ಲಿನಿಯು ಹೇಳುತ್ತಾನೆ. ಯಾವ ಎಲೆಯೆಂಬುದರಲ್ಲಿಯೇ ಮಾನಾಪಮಾನಗಳು ಅಡಗಿದ್ದುವು.

ಯೆಹೂದ್ಯರಲ್ಲಿ ಇದು ಹರ್ಷದ ಗಿಡ. ಪರ್ಣಶಾಲೆಗಳ ಹಬ್ಬದಲ್ಲಿ ಖರ್ಜೂರದ ಗರಿ, ನೀರವಂಜಿಯ ಕೊಂಬೆ, ಮಾದಳದ ಜಾತಿಯ ಹಣ್ಣು ಇವುಗಳೊಡನೆ ಹದಸಿನ ಕೊಂಬೆಗಳನ್ನೂ ಹಿಡಿಯುತ್ತಾರೆ. ಒಂದೇ ಗಿಣ್ಣಿನಲ್ಲಿ ಮೂರೆಲೆಗಳಿರುವ ಕೊಂಬೆಯು ಅದಕ್ಕೆ ಶ್ರೇಷ್ಠ. ಎಸ್ತೇರ್ ರಾಣಿಯ ಇನ್ನೊಂದು ಹೆಸರು ಹದಸ್ಸಾ ಎಂದು ಬೈಬಲಿನಲ್ಲಿದೆ.

ಭರತಖಂಡದ ಸಂಬಂಧವೂ ಇಲ್ಲದಿಲ್ಲ. ಮೆಣಸು ದೊರೆಯುವ ಮುನ್ನ ಮರ್ಟಲಿನ ಹಣ್ಣೇ ಅದರ ಸ್ಥಾನದಲ್ಲಿತ್ತೆಂದು ಪ್ಲಿನಿಯು ಬರೆದಿದ್ದಾನೆ. ನಮ್ಮ ಪಡುವಣ ಕರಾವಳಿಯಿಂದ ಹಡಗೇರಿದ ಮೆಣಸು ರೋಮಿನ ಅಡಿಗೆಯಲ್ಲಿ ಈ ಹಣ್ಣಿನ ಪದವಿಯನ್ನು ಕಸಿದುಕೊಂಡಿತು. ಯೂನಾನಿ ವೈದ್ಯದಲ್ಲಿ ಇದೇ ಹಣ್ಣು 'ಹಬ್ಬುಲ್ ಆಸ್' ಎಂಬ ಅರಬ್ಬಿ ಹೆಸರಿನಿಂದ ನಮ್ಮ ದೇಶಕ್ಕೆ ಬಂದಿದೆ. ಹಿಂದಿಯಲ್ಲಿ ಗಿಡಕ್ಕೆ 'ವಿಲಾಯತಿ ಮೆಹಂದಿ' ಎನ್ನುತ್ತಾರೆ.

ಹೆಸರುಗಳು ಗಿಡದಿಂದ ಗಿಡಕ್ಕೆ ದಾಟುವುದೂ ಉಂಟು. 'ಪರಿಮಳದ ಗಿಡ' ಎಂಬರ್ಥದ ಅರಬ್ಬಿಯ 'ರೈಹಾನ್' ಪೂರ್ವದೇಶಗಳಲ್ಲಿ ಕಾಮಕಸ್ತೂರಿಗೆ ಸಂದರೆ, ಸ್ಪೇನಿನಲ್ಲಿ 'ಅರ್ರಯಾನ್' ಎಂದಾಗಿ ಮರ್ಟಲಿಗೆ ಸಂದಿತು; ಗ್ರನಾಡದ ಅಲ್ಹಂಬ್ರ ಅರಮನೆಯ ಅಂಗಳವೊಂದಕ್ಕೆ ಅದೇ ಹೆಸರು. ಆದುದರಿಂದ ಧ್ವನಿಸಾಮ್ಯವನ್ನು ನಂಬಿ ತುಳಸಿಯ ವಂಶದ ಮರುಗವನ್ನಾಗಲಿ, ವಂಶಸಾಮ್ಯವನ್ನು ನಂಬಿ ನೇರಳೆಯನ್ನಾಗಲಿ ಇದರ ಸ್ಥಾನದಲ್ಲಿಡುವುದು ಯುಕ್ತವಲ್ಲ. ಕನ್ನಡದಲ್ಲಿ 'ಮರ್ಟಲ್' ಎಂಬ ಹೆಸರನ್ನೇ ಉಳಿಸಿ, ಆಯಾ ಸಂದರ್ಭದಲ್ಲಿ ಅದು ಪ್ರೇಮವನ್ನು ಸೂಚಿಸುವುದೋ, ಮೃತರ ಸ್ಮರಣೆಯನ್ನೋ, ಹಬ್ಬದ ಹರ್ಷವನ್ನೋ ಎಂಬುದನ್ನು ಟಿಪ್ಪಣಿಯಲ್ಲಿ ವಿಶದಪಡಿಸುವುದೇ ಉಚಿತವಾದ ಕ್ರಮ.