ಮಹಾಕೂಟದ ಬುಗ್ಗೆ, ಬಾಗಲಕೋಟೆಯ ದ್ರಾಕ್ಷಿ

ಬೆಟ್ಟದ ಬುಡದಲ್ಲಿ ಬುಗ್ಗೆ, ಇಳಿಜಾರಿನಲ್ಲಿ ದ್ರಾಕ್ಷಿತೋಟ: ಇಂತಹ ಸೀಮೆಗಳನ್ನು ಕಾಣಲು ಪ್ರವಾಸಿಗರು ಯೂರೋಪಿನ ಉದ್ದಗಲವನ್ನು ಸುತ್ತುವುದುಂಟು. ಬೆಟ್ಟ, ಬುಗ್ಗೆ, ದ್ರಾಕ್ಷಿ ಮೂರೂ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೂ ಇವೆಯೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಇಳಕಲ್ಲಿನಿಂದ ಹೊರಟು, ಹುನಗುಂದವನ್ನು ಹಾದು ಬಾದಾಮಿಗೆ ಬರೋಣ. ಇಳಕಲ್ಲಿನ ನಸುಗೆಂಪು ಗ್ರಾನೈಟು ಭೂಗರ್ಭದ ಶಿಲಾದ್ರವವು ಆರಿ ಗಟ್ಟಿಯಾದ ಕಲ್ಲು. ಬಾದಾಮಿಯದಾದರೋ ಮರಳುಗಲ್ಲು, ನೀರು ತಂದು ಹರವಿದ ಮರಳು ಪದರಪದರವಾಗಿ ಬಿಗಿದು ಆದದ್ದು. ಚಾಲುಕ್ಯರ ಗುಹೆಗಳನ್ನು ಕೊರೆದಿರುವುದು ಇದರಲ್ಲಿಯೇ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. 578.

ಬಾದಾಮಿಯಿಂದ ಗುಡ್ಡದ ದಾರಿ ಹಿಡಿದರೆ ಮಹಾಕೂಟ. ಗುಡಿಗಳ ನಡುವೆ ವಿಷ್ಣುಪುಷ್ಕರಿಣಿ. ಅದಕ್ಕೆ ನೀರುಣಿಸುವುದು ಬೆಟ್ಟದ ಬುಗ್ಗೆ. ಈ ನೀರು ಎಲ್ಲಿಂದ ಬಂತು? ಗುಡ್ಡದ ನೆತ್ತಿಯ ಮೇಲೆ ಸುರಿದ ಮಳೆ ಬಂಡೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತದೆ. ನೀರನ್ನು ಬಿಡದ ಪದರವೊಂದು ಅಡ್ಡಬಂದೊಡನೆ ಪಕ್ಕಕ್ಕೆ ಹರಿದು, ತಗ್ಗಿನಲ್ಲಿ ಹೊರಬೀಳುತ್ತದೆ. ಮಳೆ ನಿಂತರೂ ಬುಗ್ಗೆ ನಿಲ್ಲದಿರುವುದು ಈ ನಿಧಾನಗತಿಯಿಂದಲೇ.

ಪುತ್ತೂರಿನ ಬಳಿಯ ಬೆಂದ್ರುತೀರ್ಥದಂತೆ ಇದು ಬಿಸಿನೀರಿನ ಬುಗ್ಗೆಯಲ್ಲ. ಕಿಲೋಮೀಟರು ಆಳಕ್ಕೆ ಇಳಿದಂತೆ ಭೂಮಿಯ ಉಷ್ಣತೆ ಸುಮಾರು 25ರಿಂದ 30 ಸೆಂಟಿಗ್ರೇಡ್ ಡಿಗ್ರಿಯಷ್ಟು ಏರುತ್ತದೆ. ಬಹಳ ಆಳಕ್ಕೆ ಹೋಗಿ ಮರಳಿದ ನೀರು ಬಿಸಿಯಾಗಿರುತ್ತದೆ. ಮೇಲುಪದರದಲ್ಲಿಯೇ ಸುಳಿದು ಬಂದ ನೀರು ಊರಿನ ವಾರ್ಷಿಕ ಸರಾಸರಿ ಉಷ್ಣತೆಯ ಆಸುಪಾಸಿನಲ್ಲಿ ಇರುತ್ತದೆ.

ಇನ್ನು ದ್ರಾಕ್ಷಿ. ಚಳಿದೇಶಗಳಲ್ಲಿ ಬಳ್ಳಿ ಹಿಮಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ! ಆದುದರಿಂದ ರೈತರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನ ಹೊತ್ತಿಗೆ ಮತ್ತೊಮ್ಮೆ ಅದನ್ನು ಸವರುತ್ತಾರೆ. ಮೊದಲನೆಯದು ಕಡ್ಡಿಗಾಗಿ, ಎರಡನೆಯದು ಹಣ್ಣಿಗಾಗಿ. ಹಣ್ಣಿನ ಸಕ್ಕರೆಯನ್ನು ಯೀಸ್ಟು ಮದ್ಯಸಾರವಾಗಿಯೂ ಇಂಗಾಲದ ಡೈ ಆಕ್ಸೈಡಾಗಿಯೂ ಮಾರ್ಪಡಿಸಿದಾಗ ವೈನ್ ಆಗುತ್ತದೆ. 2007ರಲ್ಲಿ ರಾಜ್ಯ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿತು. ಕೃಷ್ಣಾ ಕಣಿವೆ ಈ ಉದ್ಯಮದ ಒಂದು ವಲಯ.

ಆದರೆ ಬುಗ್ಗೆಗೂ ಬಳ್ಳಿಗೂ ಮಳೆಯೇ ಆಧಾರ, ಅದೂ ವರ್ಷಕ್ಕೆ ಸರಿಸುಮಾರು 600 ಮಿಲಿಮೀಟರಿನಷ್ಟು. ಗುಡ್ಡದ ಮಗ್ಗುಲಲ್ಲಿ ಕೊಳವೆಬಾವಿಗಳು ಮಿತಿಮೀರಿದರೆ ಅಂತರ್ಜಲದ ಮಟ್ಟ ಬುಗ್ಗೆಯ ಬಾಯಿಗಿಂತ ಕೆಳಗಿಳಿಯುತ್ತದೆ. ಆಗ ಬುಗ್ಗೆ ತಾನಾಗಿ ಹರಿಯಲಾರದು. ಹನಿ ನೀರಾವರಿಯನ್ನು ನಾವು ಕೇವಲ ಮಿತವ್ಯಯವೆಂದು ಎಣಿಸುವುದು ಸಾಲದು.

ಮಹಾಕೂಟಕ್ಕೆ ಹೋಗುವ ವಿದ್ಯಾರ್ಥಿಗಳು ಉಷ್ಣಮಾಪಕವೊಂದನ್ನು ಒಯ್ಯಲಿ. ನೀರು ಹೊರಬೀಳುವ ಬಾಯಿಯಲ್ಲಿ ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಿನಲ್ಲೊಮ್ಮೆ ಅಳೆದು, ಆಯಾ ದಿನದ ಗಾಳಿಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.