ಬೇಸ್ ಗಿಟಾರ್ ಕೆಳಗಿಟ್ಟ ಮೇಲೆ

1986ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ಕ್ಯಾರವಾನ್ ಆಫ್ ಲವ್’ ಹಾಡಿಗೆ ಪಕ್ಕವಾದ್ಯವೇ ಇಲ್ಲ, ಬರೀ ಕೊರಳು. ಹಾಡಿದ್ದು ಹಲ್ ನಗರದ ಹೌಸ್‌ಮಾರ್ಟಿನ್ಸ್ ತಂಡ. ಅದರ ಬೇಸ್ ಗಿಟಾರ್ ವಾದಕ ನಾರ್ಮನ್ ಕುಕ್‌ನನ್ನು ಹನ್ನೆರಡು ವರ್ಷದ ನಂತರ ಜಗತ್ತು ಗುರುತಿಸಿದ್ದು ಫ್ಯಾಟ್‌ಬಾಯ್ ಸ್ಲಿಮ್ ಎಂಬ ಹೆಸರಿನಿಂದ, ಗುಡುಗುವ ಡ್ರಮ್ಮಿನಿಂದ.

ಬ್ಯಾಂಡ್ ಬಿಟ್ಟು ಡಿಜೆ ಆದವನು ಎಂದು ಅವನನ್ನು ಪರಿಚಯಿಸುವುದು ರೂಢಿ. ಅಸಲಿಗೆ ಬ್ಯಾಂಡೇ ನಡುವೆ ಬಂದುಹೋದದ್ದು. ಬ್ರೈಟನ್‌ನಲ್ಲಿ ಓದುವಾಗಲೇ ಕುಕ್ ಅಲ್ಲಿನ ಕ್ಲಬ್ಬುಗಳಲ್ಲಿ ಡಿಜೆ. 1985ರಲ್ಲಿ ಹಳೆಯ ಗೆಳೆಯ ಪಾಲ್ ಹೀಟನ್ ಕರೆದನೆಂದು ಹಲ್‌ಗೆ ಹೋದ. 1988ರಲ್ಲಿ ತಂಡ ಒಡೆಯಿತು. ಬ್ರೈಟನ್‌ಗೆ ವಾಪಸಾಗಿ ಹಳೆಯ ಕಸುಬನ್ನೇ ಹಿಡಿದ.

ಆದರೂ ಬೇಸ್ ನುಡಿಸಿದವನ ಕಿವಿ ಎಲ್ಲಿ ಹೋದೀತು? 1990ರಲ್ಲಿ ಬೀಟ್ಸ್ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಅವನು ತಂದ ‘ಡಬ್ ಬಿ ಗುಡ್ ಟು ಮಿ’ ನಿಂತಿರುವುದೇ ಒಂದು ಬೇಸ್ ಎಳೆಯ ಮೇಲೆ. ಆ ಎಳೆ ಕ್ಲ್ಯಾಶ್ ತಂಡದ್ದು. ಸಾಹಿತ್ಯ ಎಸ್‌ಒಎಸ್ ಬ್ಯಾಂಡಿನದು, ಹಾರ್ಮೋನಿಕಾ ಎನ್ನಿಯೊ ಮೊರಿಕೋನೆಯ ಸಿನಿಮಾ ಸಂಗೀತದ್ದು. ಹಾಡು ಮೊದಲ ಸ್ಥಾನಕ್ಕೇರಿತು; ಬೇಸ್ ಎಳೆ ಹೊಸೆದ ಪಾಲ್ ಸಿಮೊನನ್‌ಗೆ ಪಾಲು ಕೊಟ್ಟು ರಾಜಿಯೂ ಆಯಿತು.

ಇದಕ್ಕೆಲ್ಲ ಬಳಸಿದ ಯಂತ್ರ ಸ್ಯಾಂಪ್ಲರ್. ಯಾವುದೇ ಧ್ವನಿಯ ತುಣುಕನ್ನು ನೆನಪಿಟ್ಟುಕೊಂಡು, ಬೇಕಾದ ಕಡೆ, ಬೇಕಾದಷ್ಟು ಸಲ ನುಡಿಯುತ್ತದೆ. ಕುಕ್ ಬಳಿ ಇದ್ದದ್ದು ಅಕಾಯ್ ಸ್ಯಾಂಪ್ಲರ್, ಜೊತೆಗೊಂದು ಅಟಾರಿ ಕಂಪ್ಯೂಟರ್. ಆ ಕಾಲದ ಸ್ಯಾಂಪ್ಲರಿನಲ್ಲಿ ತುಣುಕಿನ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ಇದು ಕೊರತೆ ಎನ್ನಿ. ಅವನ ಕೈಯಲ್ಲಿ ಅದೇ ಗುಣವಾಯಿತು.

ಲೆಸ್ಟರ್‌ನಲ್ಲಿ ಹುಟ್ಟಿದ ಕಾರ್ನರ್‌ಶಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ವನ್ನೇ ನೋಡಿ. ತಜಿಂದರ್ ಸಿಂಗ್ ಬರೆದ ಆ ಹಾಡು ಆಶಾ ಭೋಸ್ಲೆಗೆ, ಹಿನ್ನೆಲೆ ಗಾಯನಕ್ಕೆ ಸಲ್ಲಿಸಿದ ಪ್ರೀತಿ. 1997ರಲ್ಲಿ ಹೊರಬಂದಾಗ 60ನೇ ಸ್ಥಾನ ದಾಟಲಿಲ್ಲ. ಮೂಲದ್ದು ಸಾವಕಾಶದ ನಡೆ, ಕಾಲುಚಾಚಿ ಕೂತು ಗುನುಗುವಂಥದ್ದು. ಕುಕ್ ಅದರ ವೇಗ ಏರಿಸಿದ, ಗಾಯಕನ ಸ್ವರ ತುಸು ಮೇಲಕ್ಕೆ ಹೋಯಿತು, ಅಡಿಗೆ ದಪ್ಪ ಡ್ರಮ್ ಬಂತು. 1998ರ ಫೆಬ್ರವರಿಯಲ್ಲಿ ಅದೇ ಹಾಡು ಮೊದಲ ಸ್ಥಾನದಲ್ಲಿತ್ತು. ಮೂಲವೇ ಚೆಂದ ಎನ್ನುವವರಿದ್ದಾರೆ, ನಾನೂ ಅವರ ಪೈಕಿ. ಆದರೆ ಕುಣಿಯಲು ನಿಂತವರ ಕಾಲಿಗೆ ಏನು ಬೇಕೆಂದು ರೀಮಿಕ್ಸ್ ಮಾಡಿದವನಿಗೆ ಗೊತ್ತಿತ್ತು. ಅದನ್ನು ಕಲಿಸಿದ್ದು ಕ್ಲಬ್ಬಿನ ರಾತ್ರಿಗಳು.

ಮರುವರ್ಷ ಫ್ಯಾಟ್‌ಬಾಯ್ ಸ್ಲಿಮ್ ಹೆಸರಿನಲ್ಲಿ ಅವನೇ ತಂದ ‘ಪ್ರೇಯ್ಸ್ ಯು’ ಕೂಡ ಅಗ್ರಸ್ಥಾನ ಪಡೆಯಿತು. ಅದರೊಳಗಿನ ಕೊರಳು ಅಮೆರಿಕದ ಕೆಮಿಲ್ ಯಾರ್ಬ್ರೋ 1975ರಲ್ಲಿ ಹಾಡಿದ್ದು.

2002ರ ಜುಲೈ 13ರಂದು ಬ್ರೈಟನ್ ಕಡಲತೀರದಲ್ಲಿ ಕುಕ್ ಉಚಿತ ಕಾರ್ಯಕ್ರಮ ಕೊಟ್ಟ. ಸುಮಾರು 60,000 ಜನ ಬರಬಹುದೆಂಬ ಎಣಿಕೆಯಿತ್ತು. ಬಂದವರು ಸುಮಾರು ಎರಡೂವರೆ ಲಕ್ಷ. ರೈಲು, ರಸ್ತೆ ಎರಡೂ ಕಟ್ಟಿಕೊಂಡವು. ಅಲ್ಲೇ ಮತ್ತೆ ಅವನು ನುಡಿಸಿದ್ದು 2007ರ ಹೊಸವರ್ಷದ ದಿನ, ಅದೂ ಟಿಕೆಟ್ ಪಡೆದ ಸ್ಥಳೀಯರಿಗಷ್ಟೇ.