ಮುಚ್ಚುವಾಗ ಬೆರಳು ಎಲ್ಲಿರುತ್ತದೆ?

ಪ್ರತಿ ಆಷಾಢದಲ್ಲೂ ನನ್ನ ಚಾಕು ಮುನಿಸಿಕೊಳ್ಳುತ್ತದೆ. ಮಲೆನಾಡಿನ ಮಳೆ ಹಿಡಿದು ಎಂಟು ದಿನವಾಯಿತೆಂದರೆ ಅದರ ಮರದ ಹಿಡಿ ತೇವ ಕುಡಿದು ಊದಿಕೊಳ್ಳುತ್ತದೆ. ಒಳಗೆ ಮಡಚಿ ಕೂತ ಅಲಗನ್ನು ಬಿಟ್ಟುಕೊಡುವುದೇ ಇಲ್ಲ. ಉಗುರು ಹಾಕಿ ಎಳೆದರೆ ಉಗುರೇ ಕಿತ್ತು ಬಂದೀತು. "ಇದೆಂಥ ಚಾಕು ಮಾರಾಯ, ಮಳೆ ಬಂದ್ರೆ ಬಾಗ್ಲು ಹಾಕ್ಕೊಂಡು ಕೂತ್ಕೊಳ್ತದಲ್ಲ!" ಎಂದು ಅತ್ತೆ ನಗುತ್ತಾರೆ. ಅವರ ಹಿತ್ತಲ ಬಾಗಿಲೂ ಮಳೆಗಾಲ ಮುಗಿಯುವವರೆಗೆ ಹೆಗಲು ಕೊಟ್ಟು ನೂಕದೆ ತೆರೆಯುವುದಿಲ್ಲ. ಆದರೆ ಅದನ್ನು ನೆನಪಿಸುವ ಧೈರ್ಯ ನನಗಿಲ್ಲ.

ಇದಕ್ಕೆ ಚಾಕುವಿನ ತವರಿನವರೇ ಕಂಡುಕೊಂಡ ಮದ್ದಿದೆ. ಹಿಡಿಯ ಹಿಂದಿನ ತುದಿಯನ್ನು ಮೇಜಿನ ಅಂಚಿಗೋ ಕಲ್ಲಿಗೋ ಟಕ್ಕನೆ ಕುಟ್ಟಿದರೆ, ಒಳಗಿನ ಅಲಗಿನ ಮೊನೆ ಏಟಿಗೆ ತುಸು ಹೊರಗೆ ನೆಗೆಯುತ್ತದೆ. ಆಮೇಲೆ ಬೆರಳಲ್ಲಿ ಹಿಡಿದು ಎಳೆದರಾಯಿತು. ಫ್ರಾನ್ಸಿನಲ್ಲಿ ಈ ಉಪಾಯಕ್ಕೆ 'ಸವಾಯ್‌ನವನ ಏಟು' ಎಂದೇ ಹೆಸರಿದೆ. ಸವಾಯ್ ಎಂದರೆ ಆಲ್ಪ್ಸ್ ಪರ್ವತದ ಮಡಿಲಿನ ಸೀಮೆ. ಚಾಕುವಿನ ಹೆಸರು ಒಪಿನೆಲ್.

ಈ ಒಪಿನೆಲ್‌ನಿಂದ ಶುರುವಾಗಿ ಮಡಚುವ ಚಾಕುಗಳ ಹುಚ್ಚು ನನಗೆ ಹತ್ತಿ ಬಹಳ ವರ್ಷವಾಯಿತು. ಅಂಗಡಿಯಲ್ಲಿ ಎಲ್ಲರೂ ಚಾಕು ತೆರೆದು ನೋಡುತ್ತಾರೆ. ತೆರೆಯುವ ಚಂದಕ್ಕೆ, ಆ 'ಕ್ಲಿಕ್' ಸದ್ದಿಗೆ ಮರುಳಾಗಿ ದುಡ್ಡು ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ. ಈಗ ನಾನು ಮೊದಲು ನೋಡುವುದು ಅದು ಮುಚ್ಚುವ ಬಗೆಯನ್ನು. ಮುಚ್ಚುವಾಗ ನನ್ನ ಬೆರಳುಗಳು ಎಲ್ಲಿರುತ್ತವೆ ಎಂಬ ಒಂದು ಪ್ರಶ್ನೆಗೆ ಚಾಕು ಕೊಡುವ ಉತ್ತರದಲ್ಲಿ ಅದನ್ನು ಮಾಡಿದವನ ಬುದ್ಧಿಯೆಲ್ಲ ಗೊತ್ತಾಗಿಬಿಡುತ್ತದೆ.

ಮಡಚುವ ಚಾಕು ಎಂದರೆ ಬೇಕೆಂದೇ ಮುರಿದ ಚಾಕು. ತೋಟದ ಕತ್ತಿಯನ್ನು ನೋಡಿ: ಅಲಗಿನ ಉಕ್ಕೇ ಹಿಡಿಯೊಳಗೂ ಹೋಗಿ ಕೂತಿರುತ್ತದೆ, ಕೈಯ ಬಲ ತಡೆಯಿಲ್ಲದೆ ಬಾಯಿಗೆ ಇಳಿಯುತ್ತದೆ. ಜೇಬಿಗೆ ಹಾಕಬೇಕೆಂಬ ಆಸೆಗೆ ಬಿದ್ದು, ಎಲ್ಲಿ ಗಟ್ಟಿ ಇರಬೇಕೋ ಅಲ್ಲೇ ಅದನ್ನು ಕಡಿದು ಒಂದು ಮೊಳೆ ಹೊಡೆದಿದ್ದೇವೆ. ಲಾಕು, ಸ್ಪ್ರಿಂಗು, ಬಳೆ ಎಲ್ಲವೂ ಆ ಮುರಿತಕ್ಕೆ ಕಟ್ಟಿದ ಪಟ್ಟಿಗಳು.

ಹಾಗೆಂದು ಪಟ್ಟಿ ಎಲ್ಲ ಕೆಲಸಕ್ಕೂ ಬೇಕಿಲ್ಲ. ಮಾವಿನಕಾಯಿ ಕೊಯ್ಯುವಾಗ ಕಾಯಿ ಅಲಗಿನ ಬಾಯಿಯನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತಡ ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿಗೇ ಇರುವುದರಿಂದ ಚಾಕು ತಾನಾಗಿ ಮಡಚಿಕೊಳ್ಳುವ ಪ್ರಶ್ನೆಯಿಲ್ಲ. ಅಪಾಯವಿರುವುದು ಮೊನೆಯಿಂದ ಚುಚ್ಚಿದಾಗ, ಚುಚ್ಚಿ ಹೊರಳಿಸಿದಾಗ, ಮರದಲ್ಲಿ ಸಿಕ್ಕಿಬಿದ್ದ ಅಲಗನ್ನು ಅಲ್ಲಾಡಿಸಿ ಕೀಳುವಾಗ. ಆಗ ಬಲ ಅಲಗಿನ ಬೆನ್ನಿನ ಕಡೆಯಿಂದ ಬೀಳುತ್ತದೆ. ಬಾಯಿ ಬೆರಳುಗಳ ಮೇಲೇ ಮಡಚಿಕೊಳ್ಳುತ್ತದೆ. ಲಾಕು ಇರುವುದು ಆ ಒಂದು ಗಳಿಗೆಗಾಗಿ.

ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಚಾಕುವಿಗೆ ಲಾಕೇ ಇಲ್ಲ, ಸ್ಪ್ರಿಂಗೂ ಇಲ್ಲ. ಮಡಚಿದ ಲೋಹದ ತಗಡೇ ಹಿಡಿ. ಅಲಗಿನ ಬುಡದಿಂದ ಪುಟ್ಟ ಬಾಲವೊಂದು ಹೊರಗೆ ಚಾಚಿರುತ್ತದೆ. ತೆರೆದಾಗ ಆ ಬಾಲದ ಮೇಲೆ ಹೆಬ್ಬೆರಳು ಒತ್ತಿರಬೇಕು, ಅಷ್ಟೆ. ಹೆಬ್ಬೆರಳೇ ಲಾಕು. ಒಂದು ಕಾಲಕ್ಕೆ ಜಪಾನಿನ ಶಾಲೆಯ ಮಕ್ಕಳು ಇದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. ಮಕ್ಕಳ ಕೈಗೆ ಹೀಗೊಂದು ಚಾಕು ಕೊಟ್ಟರೆ ಹೆಬ್ಬೆರಳನ್ನು ಎಲ್ಲಿಡಬೇಕೆಂದು ಅದೇ ಕಲಿಸುತ್ತದೆ.

ಸ್ವಿಟ್ಜರ್ಲೆಂಡಿನ ಕೆಂಪು ಚಾಕುವನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಕಾರ್ಯಾಗಾರ ತೆರೆದು, 1891ರಿಂದ ಸ್ವಿಸ್ ಸೈನಿಕರಿಗೆ ಚಾಕು ಮಾಡಿಕೊಟ್ಟ. 1897ರ ಅಧಿಕಾರಿ ಚಾಕುವಿನಲ್ಲಿ ಅವನ ನಿಜವಾದ ಜಾಣ್ಮೆ ಕಾಣುತ್ತದೆ. ಒಂದೇ ಸ್ಪ್ರಿಂಗ್ ಪಟ್ಟಿಯನ್ನು ಎರಡೂ ಬದಿಯ ಅಲಗುಗಳಿಗೆ ದುಡಿಸಿದ. ಹಿಡಿಯ ಬೆನ್ನಿನುದ್ದಕ್ಕೂ ಕೂತ ಈ ಪಟ್ಟಿ ಅಲಗಿನ ಬುಡವನ್ನು ಒತ್ತುತ್ತಿರುತ್ತದೆ. ತೆರೆದಾಗಲೂ ಮುಚ್ಚಿದಾಗಲೂ ಅಲಗು ಆ ಒತ್ತಡಕ್ಕೆ ನಿಲ್ಲುತ್ತದೆ, ತುಸು ಬಲ ಹಾಕಿದರೆ ಸರಿಯುತ್ತದೆ. ಅದು ನಿಲ್ಲಿಸುವ ತಡೆಯೇ ಹೊರತು ಲಾಕಲ್ಲ. ಇಂಗ್ಲಿಷ್ ಚಾಕುಗಾರರು ಇಂಥ ಚಾಕುವಿನ ಅಲಗಿಗೆ 'ನಡಿಗೆ ಮತ್ತು ಮಾತು' ಇರಬೇಕು ಎನ್ನುತ್ತಾರೆ. ತೆರೆಯುವಾಗ ಎಲ್ಲೂ ತಡವರಿಸದೆ ನಡೆಯಬೇಕು, ಕೊನೆಗೆ ಸ್ಪಷ್ಟವಾಗಿ 'ಟಕ್' ಎನ್ನಬೇಕು. ಈ ಚಾಕುವಿನ ಬಗ್ಗೆ ನನ್ನ ತಕರಾರಿರುವುದು ಹಿಡಿಯಲ್ಲಿ. ಪ್ಲಾಸ್ಟಿಕ್ಕಿನ ನುಣುಪು ಒದ್ದೆ ಕೈಯಲ್ಲಿ ಮೀನಿನ ಹಾಗೆ ಜಾರುತ್ತದೆ. ಹತ್ತು ಉಪಕರಣ ತುಂಬಿದ ಹಿಡಿ ಇಟ್ಟಿಗೆಯಂತಾಗಿ, ಅರ್ಧ ತಾಸು ಮರ ಕೆತ್ತಿದರೆ ಅಂಗೈಯಲ್ಲಿ ಅದರ ಅಂಚುಗಳ ಗೆರೆ ಮೂಡುತ್ತದೆ. ಅದು ಕೈಗಿಂತ ಜೇಬಿಗೆ ಹೆಚ್ಚು ನಿಷ್ಠೆಯುಳ್ಳ ಚಾಕು. ನೂರಕ್ಕೂ ಹೆಚ್ಚು ವರ್ಷ ಲಾಕಿಲ್ಲದೆ ಬದುಕಿದ ಸ್ವಿಸ್ ಸೈನ್ಯವೂ 2008ರಲ್ಲಿ ಲಾಕಿರುವ ದೊಡ್ಡ ಚಾಕುವಿಗೆ ಬದಲಾಯಿತು.

ಈಗ ಒಪಿನೆಲ್. 1890ರಲ್ಲಿ ಸವಾಯ್‌ನ ಮೊರಿಯೆನ್ ಕಣಿವೆಯಲ್ಲಿ ಕೊಡಲಿ, ಕುಡುಗೋಲು ಮಾಡುವವರ ಮನೆಯ ಹುಡುಗ ಜೋಸೆಫ್ ಒಪಿನೆಲ್ ತನ್ನ ಗೆಳೆಯರಿಗೆಂದು ಒಂದು ಸಾದಾ ಚಾಕು ಮಾಡಿದ. ಅವನಿಗಾಗ ಹದಿನೆಂಟು ವರ್ಷ. ಮರದ ಗುಂಡನೆಯ ಹಿಡಿ, ಅದರಲ್ಲೊಂದು ಸೀಳು, ಸೀಳಿನಲ್ಲಿ ಅಲಗು, ಅಡ್ಡ ಒಂದು ರಿವೆಟು, ಮರ ಬಿರಿಯದಂತೆ ಸುತ್ತ ಒಂದು ಲೋಹದ ಬಳೆ. ಏಳೆಂಟು ವರ್ಷದಲ್ಲಿ ಬೇಡಿಕೆ ಎಷ್ಟಾಯಿತೆಂದರೆ 1ರಿಂದ 12ರವರೆಗೆ ನಂಬರು ಕೊಟ್ಟು ಹನ್ನೆರಡು ಅಳತೆಯಲ್ಲಿ ಮಾಡತೊಡಗಿದ. 2ನೇ ನಂಬರಿನ ಅಲಗು ಮೂರೂವರೆ ಸೆಂಟಿಮೀಟರ್, 8ರದು ಎಂಟೂವರೆ, 12ರದು ಹನ್ನೆರಡು. 1 ಮತ್ತು 11ನ್ನು ಮುಂದೆ ಕೈಬಿಟ್ಟರು. ಹಿಡಿ ಕೈಗೆ ಹೊಂದುವ ಪ್ರಶ್ನೆಗೆ ಇಷ್ಟು ಸರಳ ಉತ್ತರ ಬೇರೆಲ್ಲೂ ನಾನು ಕಂಡಿಲ್ಲ. ಚಪ್ಪಲಿ ಆರಿಸುವ ಹಾಗೆ ನಂಬರು ಕೇಳಿ ಕೈಯಲ್ಲಿ ಹಿಡಿದು ನೋಡುವುದು. ನನ್ನ ಅಂಗೈಗೆ 8 ಸರಿ. ಸಣ್ಣ ಕೈಯ ಅತ್ತೆಗೆ 7.

ಹಿಡಿ ಬೀಚ್ ಮರದ್ದು. ನೋಡಲು ಏನೂ ಅಲ್ಲ, ಬೆರಳುಗಳಿಗೆ ಗುಂಡಿ ತೋಡಿಲ್ಲ, ತಿರುವು ಕೊಟ್ಟಿಲ್ಲ. ನಡುವೆ ತುಸು ಉಬ್ಬಿ ಕೊನೆಯಲ್ಲಿ ಅಗಲವಾಗಿ ಬಾಗುತ್ತದೆ. ಗುಟ್ಟು ಇರುವುದು ಅಲ್ಲೇ. ಬೆರಳಿನ ಗುಂಡಿ ತೋಡಿದ ಹಿಡಿ ಒಂದೇ ಬಗೆಯ ಹಿಡಿತಕ್ಕೆ, ಒಂದೇ ಅಳತೆಯ ಕೈಗೆ ಒಗ್ಗುತ್ತದೆ. ಗುಂಡನೆಯ ಹಿಡಿಯನ್ನು ಹೇಗೆ ತಿರುಗಿಸಿ ಹಿಡಿದರೂ ಅದು ಬೇಸರಪಡುವುದಿಲ್ಲ: ಕಿತ್ತಳೆ ಸುಲಿಯುವಾಗ ಬಾಯಿ ನಿಮ್ಮ ಕಡೆಗೆ, ಕೋಲು ಹೆರೆಯುವಾಗ ಆಚೆಗೆ, ಹಗ್ಗ ಕೊಯ್ಯುವಾಗ ಮೇಲಕ್ಕೆ. ನಾಲ್ಕು ಕಡೆಯೂ ಅಂಗೈಗೆ ಮೂಲೆ ಚುಚ್ಚುವುದಿಲ್ಲ.

ಅರುವತ್ತೈದು ವರ್ಷ ಈ ಚಾಕುವಿಗೆ ಲಾಕಿರಲಿಲ್ಲ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಒಂದು ಬಳೆ ಸೇರಿಸಿದ. ಮೊದಲಿನ ಬಳೆಯ ಮೇಲೆ ಇನ್ನೊಂದು ಉಕ್ಕಿನ ಬಳೆ, ಅದರಲ್ಲೊಂದು ಬಿರುಕು. ಬಿರುಕು ಸೀಳಿನ ನೇರಕ್ಕೆ ಬಂದಾಗ ಅಲಗು ಆಡುತ್ತದೆ. ಬಳೆಯನ್ನು ಹೆಬ್ಬೆರಳಿನಿಂದ ತುಸು ತಿರುಗಿಸಿದರೆ ಬಿರುಕು ಪಕ್ಕಕ್ಕೆ ಸರಿದು, ಬಳೆಯ ಅಂಚು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ವಿರೊಬ್ಲಾಕ್ ಎಂದು ಅದರ ಹೆಸರು. 6ನೇ ನಂಬರಿನಿಂದ ಮೇಲಿನ ಚಾಕುಗಳಿಗೆ ಇರುತ್ತದೆ. ಬಳೆಯ ಬಾಯಿ ಎರಡೂ ಕಡೆ ಒಂದೇ ಅಗಲವಿಲ್ಲ, ಸ್ವಲ್ಪ ಓರೆಯಾಗಿದೆ. ಹಾಗಾಗಿ ತಿರುಗಿಸಿದಷ್ಟೂ ಬಿಗಿ. ವರ್ಷಗಟ್ಟಲೆ ಬಳಸಿ ಸವೆದರೆ ಇನ್ನೊಂದು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ಆಯಿತು. 2000ದ ಹೊತ್ತಿಗೆ ಬಳೆಯನ್ನು ತುಸು ತಿದ್ದಿ, ಮಡಚಿದಾಗಲೂ ಲಾಕಾಗುವಂತೆ ಮಾಡಿದರು.

ಮುಚ್ಚುವಾಗ ಬೆರಳು ಎಲ್ಲಿ? ಹೆಬ್ಬೆರಳು ಮತ್ತು ತೋರುಬೆರಳು ಬಳೆಯ ಎರಡು ಪಕ್ಕದಲ್ಲಿ. ಬಳೆ ತಿರುಗಿಸುವುದು ಒಂದು ಕೆಲಸ, ಅಲಗು ಮಡಚುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಈ ನಿಧಾನವನ್ನು ಕೆಲವರು ದೋಷ ಎನ್ನುತ್ತಾರೆ. ನನಗೆ ಅದೇ ಅದರ ಮರ್ಯಾದೆಯಾಗಿ ಕಾಣುತ್ತದೆ. ಅಂದಹಾಗೆ, ಅಲಗಿನ ಮೇಲೊಂದು ಕಿರೀಟ ಹೊತ್ತ ಕೈಯ ಗುರುತು ಇದೆ, ಆಶೀರ್ವದಿಸುವ ಭಂಗಿಯಲ್ಲಿ ಬೆರಳೆತ್ತಿದ ಕೈ. 1909ರಲ್ಲಿ ನೋಂದಾಯಿಸಿದ ಮುದ್ರೆ ಅದು. ಪಕ್ಕದ ಸ್ಯಾಂ ಜಾಂ ದ ಮೊರಿಯೆನ್ ಊರಿನ ಚರ್ಚಿನಲ್ಲಿ ಸ್ನಾನಿಕ ಯೋಹಾನನ ಬೆರಳುಗಳೆಂದು ನಂಬುವ ಅವಶೇಷಗಳಿವೆ, ಆ ಕೈ ಅಲ್ಲಿಂದ ಬಂದದ್ದು. ಚಾಕುವಿನ ಮೇಲೆ ಇಡಲು ಬೆರಳಿಗಿಂತ ತಕ್ಕ ಚಿಹ್ನೆ ಯಾವುದಿದೆ!

ಅಮೆರಿಕದವರ ದಾರಿ ಬೇರೆ. 1964ರಲ್ಲಿ ಬಂದ ಬಕ್ 110 ಬೇಟೆಗಾರರ ಸೊಂಟಕ್ಕೆಂದೇ ಹುಟ್ಟಿದ್ದು. ಹಿಡಿಯ ಬೆನ್ನೊಳಗೆ ಏತದ ಹಾಗೆ ತೂಗುವ ಒಂದು ಉಕ್ಕಿನ ಪಟ್ಟಿ. ಅದರ ಮುಂದಿನ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಬಂದು ಕೂರುತ್ತದೆ. ಹಿಂದಿನ ತುದಿಯನ್ನು ಒತ್ತಿದರೆ ಕೊಕ್ಕೆ ಏಳುತ್ತದೆ. ಈ ಉಪಾಯ ಯುರೋಪಿನಲ್ಲಿ ಮೊದಲೇ ಇತ್ತು. ಬಕ್ ಕಂಪನಿ ಅದನ್ನು ಇಷ್ಟು ಗಟ್ಟಿಯಾಗಿ ಕೂರಿಸಿತೆಂದರೆ ಆಮೇಲೆ ಅದನ್ನು ನಕಲು ಮಾಡದ ಚಾಕುಗಾರರಿಲ್ಲ. ಹಿಡಿಯ ಎರಡು ತುದಿಗೂ ದಪ್ಪ ಹಿತ್ತಾಳೆ, ನಡುವೆ ಮರ, ತೂಕ ಸುಮಾರು 200 ಗ್ರಾಂ. ಒಪಿನೆಲ್ 8ರ ನಾಲ್ಕು ಪಟ್ಟು. ಕೈಯಲ್ಲಿ ಹಿಡಿದರೆ ಹಿತ, ಪಂಚೆಯ ಸೊಂಟಕ್ಕೆ ಸಿಕ್ಕಿಸಿದರೆ ಪಂಚೆಯೇ ಇಳಿಯುತ್ತದೆ. ಮುಚ್ಚಲು ಎರಡು ಕೈ ಬೇಕು: ಒಂದು ಕೈ ಬೆನ್ನು ಒತ್ತುತ್ತದೆ, ಇನ್ನೊಂದು ಅಲಗನ್ನು ಮಡಚುತ್ತದೆ. ಬೆರಳುಗಳು ಬಾಯಿಯ ದಾರಿಯಿಂದ ಆಚೆ ಇರುತ್ತವೆ.

ಒಂದೇ ಕೈಯಲ್ಲಿ ತೆರೆಯಬೇಕು, ಒಂದೇ ಕೈಯಲ್ಲಿ ಮುಚ್ಚಬೇಕು ಎಂಬ ಹಂಬಲದಿಂದ ಬಂದದ್ದು ಲೈನರ್ ಲಾಕ್. 1980ರ ದಶಕದ ಆರಂಭದಲ್ಲಿ ಮೈಕೆಲ್ ವಾಕರ್ ಎಂಬ ಅಮೆರಿಕದ ಕುಶಲಕರ್ಮಿ ಹಳೆಯದೊಂದು ಉಪಾಯಕ್ಕೆ ಈಗಿನ ರೂಪ ಕೊಟ್ಟ. ಹಿಡಿಯ ಒಳಮೈಗೆ ಹಾಸಿದ ಲೋಹದ ಹಾಳೆಯನ್ನು ಸೀಳಿ ಒಳಕ್ಕೆ ಬಾಗಿಸುವುದು. ಅಲಗು ಪೂರ್ತಿ ತೆರೆದ ಕೂಡಲೇ ಆ ನಾಲಗೆ ಹಾರಿ ಬಂದು ಅಲಗಿನ ಬುಡಕ್ಕೆ ಆತು ನಿಲ್ಲುತ್ತದೆ. ನೋಡಲು ಸೊಗಸು. ಸವೆದಂತೆಲ್ಲ ನಾಲಗೆ ಇನ್ನಷ್ಟು ಒಳಗೆ ಸರಿದು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಮುಚ್ಚುವುದು? ಹೆಬ್ಬೆರಳನ್ನು ಸೀಳಿನೊಳಗೇ ಹಾಕಿ ನಾಲಗೆಯನ್ನು ಪಕ್ಕಕ್ಕೆ ತಳ್ಳಬೇಕು, ಅಂದರೆ ಅಲಗು ಬರುವ ದಾರಿಯಲ್ಲೇ ಬೆರಳಿಟ್ಟು ಅದನ್ನು ಕರೆಯಬೇಕು. ಎಲ್ಲೋ ಸಂತೆಯಲ್ಲಿ ಕೊಂಡ ಅಗ್ಗದ್ದೊಂದು ನನ್ನ ಹೆಬ್ಬೆರಳಿಗೆ ಬರೆದ ಗೆರೆ ಇನ್ನೂ ಅಳಿದಿಲ್ಲ. ಚಾಕುವಿನ ತಪ್ಪು ಅರ್ಧ, ಮಾತಾಡುತ್ತಾ ಮುಚ್ಚಿದ ನನ್ನದು ಅರ್ಧ.

ಇದೇ ನಾಲಗೆಯನ್ನು ಹಿಡಿಯ ಗೋಡೆಯಾಗಿಯೇ ಮಾಡಿದವನು ಕ್ರಿಸ್ ರೀವ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ತನ್ನ ಚಾಕುವಿಗೆ ಅವನಿಟ್ಟ ಹೆಸರು ಸೆಬೆಂಜಾ, ಜುಲು ಭಾಷೆಯಲ್ಲಿ 'ಕೆಲಸ'. ಇಲ್ಲಿ ತೆಳು ಹಾಳೆಯಿಲ್ಲ. ದಪ್ಪ ಟೈಟೇನಿಯಂ ಹಿಡಿಯ ಒಂದು ಬದಿಯನ್ನೇ ಸೀಳಿ ಲಾಕು ಮಾಡಿದ್ದಾನೆ. ಚಾಕು ಹಿಡಿದ ಬೆರಳುಗಳು ಆ ಬದಿಯ ಮೇಲೇ ಬರುತ್ತವೆ. ಬಿಗಿಯಾಗಿ ಹಿಡಿದಷ್ಟೂ ಲಾಕು ಬಿಗಿ. ಲೈನರ್ ಲಾಕನ್ನು ಹಿಡಿತ ಕೆಲವೊಮ್ಮೆ ಬಿಡಿಸಿಬಿಡುತ್ತದೆ. ಸೆಬೆಂಜಾದಲ್ಲಿ ಹಿಡಿತವೇ ಕಾವಲು. ಹಿಡಿ ಮತ್ತು ಲಾಕು ಬೇರೆ ಬೇರೆ ಪ್ರಶ್ನೆ ಎಂದು ತಿಳಿದವರಿಗೆ ನಾನು ತೋರಿಸುವ ಚಾಕು ಇದು. ಆದರೂ ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ನಿಲ್ಲಬೇಕು. ಆ ಕೊರತೆಯನ್ನು ನೀಗಿದ್ದು 1998ರಲ್ಲಿ ಬೆಂಚ್‌ಮೇಡ್ ಕಂಪನಿ ತಂದ ಆಕ್ಸಿಸ್ ಲಾಕ್. ಹಿಡಿಗೆ ಅಡ್ಡಲಾಗಿ ಕೂತ ಒಂದು ಉಕ್ಕಿನ ಸರಳು, ಅದನ್ನು ಮುಂದಕ್ಕೆ ಒತ್ತುವ ಎರಡು ತಂತಿ ಸ್ಪ್ರಿಂಗು. ಸರಳನ್ನು ಹೊರಗಿನಿಂದಲೇ ಹಿಂದಕ್ಕೆ ಎಳೆದರೆ ಅಲಗು ಬಿಡುಗಡೆ. ಎಡಗೈಯವರಿಗೂ ಸಮ, ಬೆರಳೂ ಕ್ಷೇಮ. ತಂತಿ ಸ್ಪ್ರಿಂಗು ಮುರಿಯಬಹುದೆಂಬುದೊಂದೇ ಅಳುಕು.

ಹೊಸ ಚಾಕುಗಳ ಹಿಡಿಯ ಬಗ್ಗೆ ಒಂದು ದೂರು ಹೇಳಲೇಬೇಕು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪು. 1981ರಲ್ಲಿ ಸ್ಪೈಡರ್ಕೊ ಕಂಪನಿ ಚಾಕುವಿಗೆ ಕ್ಲಿಪ್ಪನ್ನೂ ಅಲಗಿನಲ್ಲಿ ಹೆಬ್ಬೆರಳಿನ ತೂತನ್ನೂ ಇಟ್ಟಂದಿನಿಂದ ಅದಿಲ್ಲದ ಚಾಕು ಅಪರೂಪ. ಜೇಬಿನಲ್ಲಿ ಅದು ದೇವರು. ಕೈಯಲ್ಲಿ ಹಿಡಿದು ಹತ್ತು ನಿಮಿಷ ಬಿದಿರು ಸೀಳಿ ನೋಡಿ, ಆ ತಗಡು ಅಂಗೈಯ ಮಾಂಸವನ್ನೇ ಹುಡುಕುತ್ತದೆ. ಅಂಗಡಿಯಲ್ಲಿ ಒಂದು ನಿಮಿಷ ಹಿಡಿದರೆ ಇದು ಗೊತ್ತಾಗದು.

ಬ್ರಿಟನ್ನಿನ ಕಾನೂನು ಈ ವಿಷಯದಲ್ಲಿ ತಮಾಷೆಯಾಗಿದೆ. ಮೂರು ಇಂಚಿನೊಳಗಿನ, ಲಾಕಿಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿಟ್ಟು ತಿರುಗಬಹುದು. ಲಾಕಿರುವುದಾದರೆ ಎಷ್ಟೇ ಚಿಕ್ಕದಿದ್ದರೂ ತಕ್ಕ ಕಾರಣ ಬೇಕು. ಇಟ್ಟುಕೊಂಡವನ ಬೆರಳು ಕಾಯುವ ಲಾಕೇ ನ್ಯಾಯಾಲಯದ ಕಣ್ಣಿಗೆ ಚಾಕುವನ್ನು ಮಡಚದ ಚಾಕುಗಳ ಸಾಲಿಗೆ ಸೇರಿಸುತ್ತದೆ.

ಕಳೆದ ಬೇಸಿಗೆಯಲ್ಲಿ ನನ್ನ ಒಪಿನೆಲ್‌ನ ಸೀಳಿಗೆ ಮಡಚಿದ ಮರಳುಕಾಗದ ಹಾಕಿ ಉಜ್ಜಿ, ಅಗಸೆ ಎಣ್ಣೆ ಕುಡಿಸಿ ಬಿಸಿಲಿಗಿಟ್ಟೆ. ಈ ಮಳೆಯಲ್ಲಿ ಮುನಿಸು ಅರ್ಧ ಇಳಿದಿದೆ. ಇಂಗಾಲದ ಉಕ್ಕಿನ ಅಲಗು ಮಾವಿನಕಾಯಿಯ ಹುಳಿಗೆ ಕಪ್ಪಾಗಿದೆ, ಅದು ಇರಲಿ. ಮೊನ್ನೆ ಅತ್ತೆ ಕೆಸುವಿನ ಎಲೆಯ ನಾರು ತೆಗೆಯಲು ಅದನ್ನೇ ಕೇಳಿದರು. ಬಳೆ ತಿರುಗಿಸಿ ಲಾಕು ಮಾಡುವುದನ್ನು ತೋರಿಸಿದೆ. "ಅದೆಲ್ಲ ನಂಗೆ ಬೇಡ" ಎಂದು ಎಲೆಯ ರಾಶಿ ಎಳೆದುಕೊಂಡು ಕೂತರು. ಕೆಲಸ ಮುಗಿದ ಮೇಲೆ ಹಿಡಿಯನ್ನು ಬೆನ್ನಿನ ಕಡೆಯಿಂದ ಎಡಗೈಯಲ್ಲಿ ಹಿಡಿದು, ಬಲಗೈಯ ಅಂಗೈಯಿಂದ ಅಲಗಿನ ಬೆನ್ನನ್ನು ಒತ್ತಿ ಮಡಚಿದರು. ಒಂದು ಬೆರಳೂ ಸೀಳಿನ ಬಾಯಲ್ಲಿರಲಿಲ್ಲ.